ಹೋಟೆಲಿನಲ್ಲಿ ರೋಜಾ ಬಿಡುವುದು ಹೇಗೆ? ಅಜಾನ್ ಆದ ಮೇಲಿನ ಹತ್ತು ನಿಮಿಷ

ಹೋದ ವರ್ಷ ರಂಜಾನ್ ತಿಂಗಳಲ್ಲಿ ನಮ್ಮ ಕಚೇರಿಯ ಹನ್ನೆರಡು ಮಂದಿ ಬೆಂಗಳೂರಿನ ಫ್ರೇಜರ್ ಟೌನಿನ ಒಂದು ಹೋಟೆಲಿಗೆ ಸಂಜೆ ಉಪವಾಸ ಬಿಡುವ ಇಫ್ತಾರ್‌ಗೆ ಹೋಗಿದ್ದೆವು. ರೋಜಾ (ಉಪವಾಸ) ಇದ್ದವರು ನಾಲ್ವರು, ಉಳಿದವರು ಬಿರಿಯಾನಿಗೆ ಬಂದವರು. ಯಜಮಾನಿಕೆ ವಹಿಸಿಕೊಂಡ ಸಹೋದ್ಯೋಗಿ ಉತ್ಸಾಹದಲ್ಲಿ ಆರೂಕಾಲಿಗೇ ಹಲೀಮ್, ಸೀಖ್ ಕಬಾಬ್, ಬಿರಿಯಾನಿ, ಫಿರ್ನಿ ಎಲ್ಲವನ್ನೂ ಹೇಳಿಬಿಟ್ಟರು. ಅಜಾನ್ (ಸೂರ್ಯ ಮುಳುಗಿದಾಗ ಮಸೀದಿಯಿಂದ ಕೇಳುವ ನಮಾಜ್ ಕರೆ) ಆಗಿ ನಾವು ಖರ್ಜೂರದ ಬೀಜ ಬಾಯಿಂದ ತೆಗೆಯುವಷ್ಟರಲ್ಲಿ ಅಷ್ಟೂ ಒಟ್ಟಿಗೆ ಬಂದು ಮೇಜು ತುಂಬಿತು. ನಾವು ನಾಲ್ವರು ನಮಾಜ್‌ಗೆ ಎದ್ದೆವು. ಎಂಟು ಮಂದಿ ಮರ್ಯಾದೆಗೆ ಕೈಕಟ್ಟಿ ಕೂತರು. ಮರಳಿ ಬಂದಾಗ ಕಬಾಬ್ ಚಪ್ಪಲಿಯ ಅಟ್ಟೆಯಂತಾಗಿತ್ತು, ಬಿರಿಯಾನಿಯ ಮೇಲೆ ಎಣ್ಣೆ ಹೆಪ್ಪುಗಟ್ಟಿತ್ತು, ಎಂಟು ಮುಖಗಳೂ ಬಾಡಿದ್ದವು.

ಇಫ್ತಾರ್ ಅಂದರೆ ಎರಡು ಊಟ, ನಡುವೆ ಒಂದು ನಮಾಜ್. ಇದನ್ನು ಒಂದೇ ಊಟವೆಂದು ತಿಳಿದವರು ತಾವೂ ಕೆಡುತ್ತಾರೆ, ಅಡುಗೆಯವರ ಶ್ರಮವನ್ನೂ ಕೆಡಿಸುತ್ತಾರೆ. ಮನೆಯಲ್ಲಾದರೆ ಅಮ್ಮಿ ನೋಡಿಕೊಳ್ಳುತ್ತಾರೆ. ಹೋಟೆಲಿನಲ್ಲಿ ನೀವೇ ನೋಡಿಕೊಳ್ಳಬೇಕು.

1. ಜಾಗ ಹಿಡಿಯುವುದು

ವಾರದ ನಡುವಿನ ದಿನ ಆರಿಸಿಕೊಳ್ಳಿ. ಶನಿವಾರ, ಭಾನುವಾರ ಫ್ರೇಜರ್ ಟೌನಿನ ಮಸೀದಿ ರಸ್ತೆಯ ಕಡೆಗೆ ತಲೆ ಹಾಕಬೇಡಿ. ಅಲ್ಲಿ ಊಟಕ್ಕಿಂತ ಮೊಬೈಲ್ ಕ್ಯಾಮೆರಾಗಳೇ ಹೆಚ್ಚು. ರಂಜಾನಿನ ಕೊನೆಯ ಹತ್ತು ದಿನವಂತೂ ಬೇಡವೇ ಬೇಡ. ಕಾರು ತರಬೇಡಿ. ಸಂಜೆ ಐದೂಮುಕ್ಕಾಲಿಗೆ ಹೋಟೆಲಿನಲ್ಲಿರಬೇಕು. ಅದಕ್ಕೂ ಮೊದಲೇ ಬಂದರೆ 1902ರಿಂದ ಇರುವ ಆಲ್ಬರ್ಟ್ ಬೇಕರಿಯಲ್ಲಿ ಖೋವಾ ನಾನ್ ಕಟ್ಟಿಸಿಕೊಂಡು ಚೀಲದಲ್ಲಿಡಿ, ಮರುದಿನ ಬೆಳಗಿನ ಜಾವದ ಊಟಕ್ಕೆ, ಸಹರಿಗೆ, ಆಗುತ್ತದೆ. ಶಿವಾಜಿನಗರದ ಕಡೆಗಾದರೆ ಬಸ್ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಆಟೊ ನಿಂತಲ್ಲೇ ನಿಲ್ಲುತ್ತದೆ.

ಈಚೆಗೆ ದೊಡ್ಡ ಹೋಟೆಲುಗಳು ‘ಇಫ್ತಾರ್ ಬಫೆ’ ಎಂದು ನಲವತ್ತು ಬಗೆ ಇಡುತ್ತವೆ. ನನಗದು ಹಿಡಿಸುವುದಿಲ್ಲ. ಹದಿಮೂರು ಗಂಟೆ ಖಾಲಿಯಿದ್ದ ಹೊಟ್ಟೆಯನ್ನು ಹೊತ್ತು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಯಾವ ಸುಖ? ಕೂತಲ್ಲಿಗೆ ತಂದುಕೊಡುವ, ಮೇಜು ಅಲ್ಲಾಡಿದರೂ ಪರವಾಗಿಲ್ಲ ಎನ್ನುವ ಹಳೆಯ ಹೋಟೆಲೇ ಮೇಲು. ಇನ್ನೊಂದು ಮಾತು: ‘ಹಲಾಲ್ ತಾನೇ?’ ಎಂದು ಮಸೀದಿ ರಸ್ತೆಯಲ್ಲಿ ಕೇಳಿದರೆ ನಗುತ್ತಾರೆ. ಆ ಪ್ರಶ್ನೆಯನ್ನು ಮಾಲ್‌ಗಳಲ್ಲಿ ಕೇಳಿ, ಅಲ್ಲಿ ಬೇಕಾಗುತ್ತದೆ.

2. ಚೀಲದಲ್ಲಿ ಮೂರು ಖರ್ಜೂರ, ಒಂದು ಬಾಟಲಿ ನೀರು

ಹೋಟೆಲಿನವರು ಕೊಡುತ್ತಾರೆ, ನಿಜ. ಆದರೆ ಕೋಲ್ಸ್ ರಸ್ತೆಯ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಾಗ ಅಜಾನ್ ಆದರೆ ಹೋಟೆಲಿನ ಖರ್ಜೂರ ಹಾರಿ ಬರುವುದಿಲ್ಲ. ಹೊತ್ತಾದ ಮೇಲೆ ರೋಜಾ ಬಿಡಲು ತಡಮಾಡಬಾರದು ಎಂಬುದು ಪ್ರವಾದಿಯವರ ಮಾತು. ತಾಜಾ ಖರ್ಜೂರ, ಅದಿಲ್ಲದಿದ್ದರೆ ಒಣ ಖರ್ಜೂರ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರು. ಇಷ್ಟು ಸರಳ.

ಖರ್ಜೂರವನ್ನು ರಸ್ಸೆಲ್ ಮಾರುಕಟ್ಟೆಯಲ್ಲಿ ಕೊಳ್ಳಿ. ದುಬಾರಿ ಅಜ್ವಾ ಖರ್ಜೂರವೇ ಬೇಕೆಂದಿಲ್ಲ. ಇರಾನಿನ ಕಪ್ಪು ಕಿಮಿಯಾ ಮೆತ್ತಗೆ, ಒಣಗಿದ ಬಾಯಿಗೆ ಹಿತವಾಗಿರುತ್ತದೆ. ಬಿಡಿಯಾಗಿ ಗುಡ್ಡೆ ಹಾಕಿ ಮಾರುವ, ಕನ್ನಡಿಯಂತೆ ಮಿಂಚುವ ಅಗ್ಗದ ಮಾಲನ್ನು ಮಾತ್ರ ಮುಟ್ಟಬೇಡಿ. ಅದು ಸಕ್ಕರೆ ಪಾಕದಲ್ಲಿ ಹೊರಳಿಸಿದ್ದು. ಬೆರಳಿಗೆ ಅಂಟಿ ಎಳೆ ಎಳೆಯಾದರೆ ಅಲ್ಲೇ ಬಿಟ್ಟು ಬನ್ನಿ.

3. ಗಡಿಯಾರ ಸರಿ ಮಾಡಿಕೊಳ್ಳುವುದು

ಇಲ್ಲಿ ಎಡವಿದರೆ ಇಡೀ ದಿನದ ರೋಜಾ ಹೋಗುತ್ತದೆ, ಆದ್ದರಿಂದ ನಿಧಾನವಾಗಿ ಓದಿ. ಹಿಜ್ರಿ (ಇಸ್ಲಾಮಿ) ವರ್ಷ ಚಂದ್ರನ ಲೆಕ್ಕದ್ದು. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ನಮ್ಮಲ್ಲಿ ಮಾರ್ಚ್ 2ಕ್ಕೆ ಮೊದಲ ರೋಜಾ. ಮಾರ್ಚ್‌ನಲ್ಲಿ ಬೆಂಗಳೂರಿನ ಸೂರ್ಯ ಆರೂವರೆಯ ಆಸುಪಾಸಿನಲ್ಲಿ ಮುಳುಗುತ್ತಾನೆ. ಮಂಗಳೂರಿನಲ್ಲಿ ಅದಕ್ಕಿಂತ ಹತ್ತು ಹನ್ನೊಂದು ನಿಮಿಷ ತಡ, ಚೆನ್ನೈಯಲ್ಲಿ ಅಷ್ಟೇ ಬೇಗ.

ನನ್ನ ತಮ್ಮ ಒಮ್ಮೆ ಚೆನ್ನೈಯಿಂದ ಹಿಂದಿನ ದಿನವಷ್ಟೇ ಬಂದಿದ್ದ. ಅವನ ಮೊಬೈಲ್‌ನ ಅಜಾನ್ ಆ್ಯಪ್ ಇನ್ನೂ ಚೆನ್ನೈಯಲ್ಲೇ ಇತ್ತು. ಅದು ಕೂಗಿದ ಕೂಡಲೇ ಪಾಪ ಬಾಯಿಗೆ ಹಾಕಿಕೊಂಡ. ಕಿಟಕಿಯ ಆಚೆ ಬಿಸಿಲಿನ ಕೆಂಪು ಇನ್ನೂ ಗೋಡೆಯ ಮೇಲಿತ್ತು. ಒಂದು ನಿಮಿಷ ಮುಂಚೆಯಾದರೂ ಆ ರೋಜಾ ಲೆಕ್ಕಕ್ಕಿಲ್ಲ, ರಂಜಾನ್ ಮುಗಿದ ಮೇಲೆ ಇನ್ನೊಂದು ದಿನ ಹಿಡಿದು ತೀರಿಸಬೇಕು. ಆದ್ದರಿಂದ ಮಸೀದಿಯವರು ಹಂಚುವ ಕಾಗದದ ವೇಳಾಪಟ್ಟಿಯನ್ನೇ ನಂಬಿ. ಬಾಗಿಲ ಹತ್ತಿರದ ಮೇಜು ಹಿಡಿಯಿರಿ, ಅಜಾನ್ ಕಿವಿಗೆ ಬೀಳುತ್ತದೆ. ಒಳಗಿನ ಹವಾನಿಯಂತ್ರಿತ ಕೋಣೆಯಲ್ಲಿ ಪಕ್ಕದ ಮೇಜಿನವರ ಮುಖ ನೋಡಿ ಅಂದಾಜು ಮಾಡಬೇಕಾಗುತ್ತದೆ.

ಮೇಜಿನಲ್ಲಿ ಶಿಯಾ ಗೆಳೆಯರಿದ್ದರೆ ಅವರು ಪೂರ್ವದ ಆಕಾಶದ ಕೆಂಪು ಅಳಿಯುವವರೆಗೆ ಇನ್ನಷ್ಟು ಹೊತ್ತು ಕಾಯುತ್ತಾರೆ. ‘ಅಜಾನ್ ಆಯಿತಲ್ಲ, ತಿನ್ನಿ’ ಎಂದು ತಟ್ಟೆ ಮುಂದೆ ತಳ್ಳಬೇಡಿ. ಜಾನ್ಸನ್ ಮಾರುಕಟ್ಟೆಯ ಸುತ್ತಮುತ್ತಲ ಹೋಟೆಲಿನವರಿಗೆ ಇದು ಗೊತ್ತು. ಬೇರೆ ಕಡೆಯವರಿಗೆ ಹೇಳಿ ತಿಳಿಸಬೇಕಾಗಬಹುದು.

4. ಆ ಹತ್ತು ನಿಮಿಷ

ಆರೂಹತ್ತರ ಹೊತ್ತಿಗೆ ಸಪ್ಲೈಯರ್ ಇಫ್ತಾರ್ ತಟ್ಟೆ ಇಟ್ಟು ಹೋಗುತ್ತಾನೆ. ಖರ್ಜೂರ, ಕಲ್ಲಂಗಡಿ, ಪಪ್ಪಾಯಿ, ಸಮೋಸ, ಒಂದು ಲೋಟ ಗುಲಾಬಿ ಬಣ್ಣದ ಶರಬತ್ತು. ರೋಜಾ ಇಲ್ಲದವರು ನೀರು ಕುಡಿಯಲು ಸಂಕೋಚಪಡಬೇಕಿಲ್ಲ, ನಮಗೇನೂ ಆಗುವುದಿಲ್ಲ. ತಟ್ಟೆಗೆ ಮಾತ್ರ ಎಲ್ಲರೂ ಒಟ್ಟಿಗೆ ಕೈ ಹಾಕುವುದು ಚೆಂದ. ‘ನೀರೂ ಕುಡಿಯುವ ಹಾಗಿಲ್ಲವೇ?’ ಎಂಬ ಪ್ರಶ್ನೆಯನ್ನು ಈ ಹೊತ್ತಿನಲ್ಲಿ ಕೇಳಬೇಡಿ. ಇಲ್ಲ, ನೀರೂ ಕುಡಿಯುವ ಹಾಗಿಲ್ಲ.

ಕೊನೆಯ ಐದು ನಿಮಿಷ ಮಾತು ನಿಲ್ಲಿಸಿ. ಅದು ದುಆ (ಪ್ರಾರ್ಥನೆ) ಮಾಡುವ ಹೊತ್ತು. ಆಗ ಮೆನು ಓದಿ ಹೇಳುವವರನ್ನು ನಾನು ಮುಂದಿನ ಸಲ ಕರೆಯುವುದಿಲ್ಲ.

ಅಜಾನ್ ಆಯಿತು. ಬಿಸ್ಮಿಲ್ಲಾ ಹೇಳಿ ಒಂದು ಖರ್ಜೂರ. ಬೇಕಿದ್ದರೆ ಮೂರು, ಬೆಸ ಸಂಖ್ಯೆ ವಾಡಿಕೆ. ಜಗಿದು ತಿನ್ನಿ, ನುಂಗಬೇಡಿ. ಆಮೇಲೆ ತಣ್ಣೀರಲ್ಲ, ಸಾದಾ ನೀರು, ಮೂರು ಗುಟುಕಿನಲ್ಲಿ ಅರ್ಧ ಲೋಟ. ಇಲ್ಲಿಯೇ ಹೆಚ್ಚಿನವರು ಹಾಳಾಗುವುದು. ಬಾಯಾರಿಕೆ ಮಧ್ಯಾಹ್ನ ಮೂರರಿಂದ ಕಾಡುತ್ತಿರುತ್ತದೆ. ಮಂಜುಗಡ್ಡೆ ತೇಲುವ ಶರಬತ್ತನ್ನು ಕಂಡ ಕೂಡಲೇ ಎತ್ತಿ ಗಟಗಟ ಕುಡಿದುಬಿಡುತ್ತಾರೆ, ಇನ್ನೊಂದು ಲೋಟ ತರಿಸುತ್ತಾರೆ. ಹತ್ತೇ ನಿಮಿಷದಲ್ಲಿ ಹೊಟ್ಟೆ ತಮಟೆ. ಆಮೇಲೆ ಹಲೀಮ್ ಎದುರಿಗೆ ಬಂದರೂ ತೇಗು ಬರುತ್ತದೆಯೇ ಹೊರತು ಹಸಿವು ಬರುವುದಿಲ್ಲ. ಶರಬತ್ತು ಕೊನೆಗೆ, ಅದೂ ಅರ್ಧ ಲೋಟ. ಹಾಲಿಗೆ ರೂಹ್ ಅಫ್ಜಾ ಬೆರೆಸಿ ಕಾಮಕಸ್ತೂರಿ ಬೀಜ ಹಾಕಿದ್ದಾದರೆ ಕುಡಿಯಿರಿ. ಸುವಾಸನೆಯೇ ಇಲ್ಲದೆ ತುಟಿಗೆ ಬಣ್ಣ ಮಾತ್ರ ಅಂಟಿಸುವ ಕೆಂಪು ನೀರಾದರೆ ಬಿಟ್ಟುಬಿಡಿ.

ನೀರಿನ ಹಿಂದೆಯೇ ಗಂಜಿ. ತಮಿಳು ಮಾತನಾಡುವ ಮುಸ್ಲಿಮರ ನೋಂಬು ಗಂಜಿ ಶಿವಾಜಿನಗರದ ಸುತ್ತ ಸಿಗುತ್ತದೆ. ಅಕ್ಕಿ, ಹೆಸರುಬೇಳೆ, ಮೆಂತ್ಯ, ಶುಂಠಿ, ಬೆಳ್ಳುಳ್ಳಿ, ಕೆಲವರ ಕೈಯಲ್ಲಿ ತೆಂಗಿನ ಹಾಲು, ಕೆಲವರ ಕೈಯಲ್ಲಿ ಚೂರು ಖೀಮಾ. ಖಾಲಿ ಹೊಟ್ಟೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನಮ್ಮ ತುಮಕೂರಿನ ಮನೆಯಲ್ಲಿ ಇದರ ರೂಢಿ ಇರಲಿಲ್ಲ, ಬೆಂಗಳೂರಿಗೆ ಬಂದ ಮೇಲೆ ಕಲಿತೆ. ಹೋಟೆಲಿನವರು ತಾವಾಗಿ ತಂದಿಡದಿದ್ದರೆ ಕೇಳಿ ಪಡೆಯಿರಿ. ಸಿಗದಿದ್ದರೆ ಹಣ್ಣಿನ ನಾಲ್ಕು ಹೋಳು.

ಸಮೋಸ ಒಂದೇ ಒಂದು. ತೆಳು ಪಟ್ಟಿಯ ಖೀಮಾ ಸಮೋಸವಾದರೆ ಎರಡಕ್ಕೆ ಮಾಫಿ ಕೊಡುತ್ತೇನೆ. ಹೊರಗೆ ನಾಲ್ಕು ಗಂಟೆಯಿಂದ ಕರಿದು ರಾಶಿ ಹಾಕಿದ್ದನ್ನು ಮತ್ತೆ ಎಣ್ಣೆಗೆ ಅದ್ದಿ ಕೊಡುತ್ತಾರೆ. ಮುರಿದರೆ ಸದ್ದು ಬರಬೇಕು, ಬಾಗಿದರೆ ಬೇಡ. ಚಾಕೊಲೇಟ್ ಸಮೋಸದ ಬಗ್ಗೆ ನನ್ನನ್ನು ಕೇಳಬೇಡಿ.

ಈ ಹತ್ತು ನಿಮಿಷದಲ್ಲಿ ಸಪ್ಲೈಯರ್‌ನನ್ನು ಕೂಗಬಾರದು. ಅವನಿಗೂ ರೋಜಾ. ಬೆಳಗಿನಿಂದ ಹಲೀಮಿನ ಹಬೆಯಲ್ಲಿ ನಿಂತವನು ಈಗ ಅಡುಗೆಮನೆಯ ಬಾಗಿಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಐದಾರು ಜನರ ಜೊತೆ ಒಂದೇ ತಟ್ಟೆಯಿಂದ ತಿನ್ನುತ್ತಿರುತ್ತಾನೆ. ‘ಭಾಯ್, ಚಮಚ’ ಎಂದು ಕೂಗಿದರೆ ಎದ್ದು ಬರುತ್ತಾನೆ, ಅದೇ ಸಂಕಟ. ಚಮಚ, ನೀರು, ಮಗುವಿಗೆ ಕುರ್ಚಿ ಎಲ್ಲವನ್ನೂ ಆರೂಕಾಲಿಗೆ ಮೊದಲೇ ಕೇಳಿಕೊಂಡಿರಿ.

ಹಾಗಾದರೆ ಎರಡನೆಯ ಊಟ ಹೇಳುವುದು ಯಾವಾಗ? ಆರೂಕಾಲಿಗೇ ಹೇಳಿ, ಆದರೆ ತರುವ ಹೊತ್ತನ್ನೂ ಕೂಡಿಸಿ ಹೇಳಿ. ‘ನಮಾಜ್ ಆದ ಮೇಲೆ, ಏಳಕ್ಕೆ’ ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಹಲೀಮ್ ದೊಡ್ಡ ಹಂಡೆಯಲ್ಲಿ ಬಿಸಿಯಾಗಿಯೇ ಇರುತ್ತದೆ, ಅದಕ್ಕೆ ಆತುರವಿಲ್ಲ. ಬಿರಿಯಾನಿ ದಮ್ ಒಡೆದು ಆಗಿರುತ್ತದೆ, ಅರ್ಧ ಗಂಟೆ ಆಚೀಚೆಯಾದರೂ ನಡೆಯುತ್ತದೆ. ಕೆಂಡದ ಮೇಲಿನ ಕಬಾಬ್, ಕಲ್ಲಿನ ಮೇಲೆ ಸುಡುವ ಪತ್ಥರ್ ಗೋಷ್ಟ್ ಮಾತ್ರ ನೀವು ಕುರ್ಚಿಯಲ್ಲಿ ಮರಳಿ ಕೂತ ಮೇಲೆಯೇ ಒಲೆಗೆ ಹೋಗಬೇಕು. ನಮ್ಮ ಹನ್ನೆರಡು ಮಂದಿಯ ಗುಂಪು ಕೆಟ್ಟದ್ದು ಈ ಒಂದು ವಾಕ್ಯ ಹೇಳದೆ.

5. ನಮಾಜ್

ಸೂರ್ಯಾಸ್ತದ ನಮಾಜ್ ಆದ ಮಗ್ರಿಬ್‌ನ ಹೊತ್ತು ಚಿಕ್ಕದು, ಮೂರು ರಕಾತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಸುತ್ತು) ಫರ್ಜ್, ಅಂದರೆ ಕಡ್ಡಾಯ. ಗಂಡಸರು ಹತ್ತಿರದ ಮಸೀದಿಗೆ ಹೋಗಿ ಕಾಲು ಗಂಟೆಯಲ್ಲಿ ಬರುತ್ತಾರೆ. ಹೆಂಗಸರಿಗೆ ಜಾಗವಿರುವ ಮಸೀದಿಗಳು ಕಡಿಮೆ. ಆದ್ದರಿಂದ ಮೇಜು ಕಾಯ್ದಿರಿಸಲು ಫೋನ್ ಮಾಡಿದಾಗಲೇ ‘ಹೆಂಗಸರ ನಮಾಜ್‌ಗೆ ಮೇಲೆ ಕೋಣೆ ಇದೆಯೇ, ವುಜೂಗೆ (ನಮಾಜ್ ಮುನ್ನ ಕೈಕಾಲು ಮುಖ ತೊಳೆಯಲು) ನಲ್ಲಿ ಎಲ್ಲಿದೆ’ ಎಂದು ಕೇಳಿ. ಒಮ್ಮೆ ಕೇಳದೆ ಹೋಗಿ ಈರುಳ್ಳಿ ಮೂಟೆಗಳ ನಡುವೆ ಜಾನಮಾಜ್ ಹಾಸಿದ್ದೇನೆ. ನಮಾಜ್ ಆಯಿತು, ಮನಸ್ಸು ಮಾತ್ರ ಈರುಳ್ಳಿಯಲ್ಲಿತ್ತು.

ರೋಜಾ ಇಲ್ಲದ ಗೆಳೆಯರು ಈ ಹೊತ್ತಿನಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಇನ್ನೊಂದು ತಟ್ಟೆ ಸಮೋಸ ತರಿಸಿಕೊಳ್ಳಿ, ಮೇಜನ್ನು ಮಾತ್ರ ಬಿಟ್ಟುಕೊಡಬೇಡಿ.

6. ಎರಡನೆಯ ಊಟ

ಹಲೀಮಿನಿಂದ ಶುರು ಮಾಡಿ. ಗೋಧಿ, ಬೇಳೆ, ಮಾಂಸ ಗಂಟೆಗಟ್ಟಲೆ ಬೆಂದು, ಮರದ ಕೋಲಿನಿಂದ ಕುಟ್ಟಿಸಿಕೊಂಡು ಒಂದಾದದ್ದು ಅದು. ಚಮಚ ಎತ್ತಿದರೆ ಮಾಂಸದ ನಾರು ದಾರದಂತೆ ಎಳೆಯಬೇಕು. ಪಾಯಸದಂತೆ ನುಣ್ಣಗೆ ಸುರಿದರೆ ಕುಕ್ಕರಿನಲ್ಲಿ ಬೇಯಿಸಿ ಮಿಕ್ಸಿಗೆ ಹಾಕಿದ್ದಾರೆ ಎಂದರ್ಥ. ಪೊಟ್ಟಣದ ದಿಢೀರ್ ಹಲೀಮ್ ತಂದು ಮನೆಯಲ್ಲಿ ಮಾಡಬಹುದಲ್ಲ ಎನ್ನುವವರಿದ್ದಾರೆ. ಮಾಡಿ ನೋಡಿದ್ದೇನೆ, ಮಸಾಲೆ ಹಾಕಿದ ಅಂಟಿನ ಹಾಗಿತ್ತು. ಹೈದರಾಬಾದಿ ಹಲೀಮ್‌ಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇಲ್ಲಿ ಬೀದಿಗೆ ಹತ್ತು ಬ್ಯಾನರ್‌ಗಳಲ್ಲಿ ಆ ಹೆಸರಿರುತ್ತದೆ. ಬ್ಯಾನರ್ ಓದಬೇಡಿ, ಯಾವ ಹಂಡೆಯ ಮುಂದೆ ಮುದುಕರು ನಿಂತಿದ್ದಾರೆ ನೋಡಿ. ಹುರಿದ ಈರುಳ್ಳಿ, ಪುದೀನ, ತುಪ್ಪ ಮೊದಲು. ನಿಂಬೆರಸ ತಿನ್ನುವ ಮುನ್ನ. ಇಬ್ಬರಿಗೆ ಒಂದು ಬಟ್ಟಲು ಸಾಕು.

ಅದರ ಮೇಲೆ ಬಿರಿಯಾನಿ ಬೇಕೇ ಎಂಬುದು ನಿಮ್ಮ ಇಷ್ಟ. ನಾನು ಕಬಾಬ್ ಮತ್ತು ರೊಟ್ಟಿಯಲ್ಲಿ ನಿಲ್ಲಿಸುತ್ತೇನೆ, ಏಕೆಂದರೆ ಮುಂದೆ ರಾತ್ರಿಯ ನಮಾಜ್ ಇಷಾ ಮತ್ತು ರಂಜಾನಿನ ವಿಶೇಷ ನಮಾಜ್ ತರಾವೀಹ್ ಇದೆ. ನಮ್ಮಲ್ಲಿ ಇಪ್ಪತ್ತು ರಕಾತ್, ತುಂಬಿದ ಹೊಟ್ಟೆಯಲ್ಲಿ ಬಾಗುವುದು ಸುಲಭವಲ್ಲ. ಫಿರ್ನಿ ಮಣ್ಣಿನ ಬಟ್ಟಲಿನಲ್ಲಿದ್ದರೆ ಮಾತ್ರ. ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟರೆ ಚಹಾ ಕುಡಿದು ಏಳಿ.

7. ಬಿಲ್ಲು

ರೋಜಾ ಇದ್ದವರಿಗೆ ಇಫ್ತಾರ್ ಮಾಡಿಸಿದವರಿಗೆ ರೋಜಾದಷ್ಟೇ ಪುಣ್ಯ ಎಂಬ ಹದೀಸ್ (ಪ್ರವಾದಿಯವರ ಮಾತು) ಇದೆ. ಹಾಗಾಗಿ ಬಿರಿಯಾನಿಗೆ ಬಂದ ಎಂಟು ಮಂದಿ ತಾವೇ ಕೊಡುತ್ತೇವೆ ಎಂದರೆ ಬೇಡವೆನ್ನಬೇಡಿ. ಗಲ್ಲಾದ ಮುಂದೆ ನಿಂತು ‘ನಾನು ಕೊಡುತ್ತೇನೆ, ನಾನು ಕೊಡುತ್ತೇನೆ’ ಎಂದು ಎಳೆದಾಡುವುದನ್ನಂತೂ ಬಿಡಿ. ಹಿಂದೆ ಮೇಜಿಗಾಗಿ ಜನ ಕಾಯುತ್ತಿರುತ್ತಾರೆ, ಸಪ್ಲೈಯರ್‌ಗೂ ತರಾವೀಹ್‌ಗೆ ಹೊತ್ತಾಗುತ್ತಿರುತ್ತದೆ.