ಯಾರ ಬಾಯಿಂದ ಬಂತು ಈ ಕತೆ?

ಎಂ.ಎ. ಎರಡನೇ ವರ್ಷದಲ್ಲಿ ಬರೆದ ಒಂದು ಅಸೈನ್‌ಮೆಂಟ್‌ಗೆ ನನಗೆ 20ಕ್ಕೆ 9 ಬಂತು. ಇಂಗ್ಲಿಷಿನ ಒಂದು ಕವಿತೆ, ಒಂದು ನಾಟಕ, ಒಂದು ಕಾದಂಬರಿ ತಗೊಂಡು ಹೋಲಿಸಿ ಬರೆಯಬೇಕಿತ್ತು. ನಾನು ಆರಿಸಿಕೊಂಡಿದ್ದು ಪರ್ಸಿ ಶೆಲ್ಲಿಯ ‘ಒಝಿಮ್ಯಾಂಡಿಯಸ್’, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’, ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’. ಮೂರರಲ್ಲೂ ಅತಿಯಾಸೆ ಇದೆ. ಮೂರರಲ್ಲೂ ಆಸೆಪಟ್ಟವನು ಮಣ್ಣುಪಾಲಾಗುತ್ತಾನೆ. ಇನ್ನೇನು ಬೇಕು? ನಾಲ್ಕು ಕಾಲಂ ಎಳೆದೆ. ವಸ್ತು, ಪಾತ್ರ, ಪರಿಸರ, ಸಂಕೇತ ಅಂತ ಹೆಸರಿಟ್ಟೆ. ಒಂದೊಂದೇ ಮನೆ ತುಂಬಿಸುತ್ತಾ ಹೋದೆ. ಹನ್ನೆರಡು ಪುಟ ಆಯಿತು. ಕೊನೆಯ ಪುಟದಲ್ಲಿ ಮೇಷ್ಟ್ರು ಕೆಂಪು ಇಂಕಿನಲ್ಲಿ ಒಂದೇ ಸಾಲು ಬರೆದಿದ್ದರು: ‘ಇದು ದಿನಸಿ ಚೀಟಿ.’

ಸಿಟ್ಟು ಬಂತು. ಎರಡು ದಿನ ಆ ಪೇಪರನ್ನು ಮುಟ್ಟಲಿಲ್ಲ. ಮೂರನೇ ದಿನ ಓದಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ‘ಅತಿಯಾಸೆಯಿಂದ ಕೆಟ್ಟ’ ಅನ್ನುವ ಚೀಲಕ್ಕೆ ದುರ್ಯೋಧನನನ್ನೂ ಹಾಕಬಹುದು, ಹಿರಣ್ಯಕಶಿಪುವನ್ನೂ ಹಾಕಬಹುದು. ನಮ್ಮೂರಲ್ಲಿ ಸಾಲ ಮಾಡಿ ಕಲ್ಯಾಣಮಂಟಪ ಕಟ್ಟಿಸಿದವರನ್ನೂ ಹಾಕಬಹುದು. ಎಲ್ಲರೂ ಹಿಡಿಸುವ ಚೀಲದಿಂದ ಯಾರ ಬಗ್ಗೆಯೂ ಹೊಸದೇನೂ ಹೊರಗೆ ಬರಲ್ಲ.

ದಾರಿ ಸಿಕ್ಕಿದ್ದು ಮನೆಯಲ್ಲಿ. ಅಮ್ಮನಿಗೆ ಗಮಕದ ಹುಚ್ಚು. ಆ ವಾರ ಮನೆಯಲ್ಲಿ ಕುಮಾರವ್ಯಾಸ ಭಾರತದ ವಾಚನ ಕೇಳಿಸುತ್ತಿತ್ತು. ‘ಕೇಳು ಜನಮೇಜಯ ಧರಿತ್ರೀಪಾಲ’ ಅಂತ ಶುರುವಾಯಿತು. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ ಸಾಲು! ಆದರೆ ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ಹೇಳುವವನು ವೈಶಂಪಾಯನ, ಕೇಳುವವನು ಜನಮೇಜಯ. ಯುದ್ಧದ ಹೊತ್ತಿಗೆ ಒಳಗೆ ಇನ್ನೊಂದು ಜೋಡಿ ಸೇರಿಕೊಳ್ಳುತ್ತದೆ: ಹೇಳುವವನು ಸಂಜಯ, ಕೇಳುವವನು ಕಣ್ಣಿಲ್ಲದ ರಾಜ. ಇಷ್ಟನ್ನೂ ಕುಮಾರವ್ಯಾಸ ಹೇಳುತ್ತಾನೆ, ಗಮಕಿ ಹಾಡುತ್ತಾರೆ, ಅಮ್ಮ ಕೇಳಿ ನನಗೆ ಹೇಳುತ್ತಾಳೆ. ಕರ್ಣ ಸತ್ತ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಎಷ್ಟು ಬಾಯಿ ದಾಟಿ ಬಂದಿದೆ ನೋಡಿ.

ಅವತ್ತು ರಾತ್ರಿ ‘ಒಝಿಮ್ಯಾಂಡಿಯಸ್’ ಮತ್ತೆ ತೆಗೆದೆ. 14 ಸಾಲಿನ ಸಾನೆಟ್, ಮರುಭೂಮಿಯಲ್ಲಿ ಮುರಿದುಬಿದ್ದ ಒಬ್ಬ ರಾಜನ ಪ್ರತಿಮೆಯ ಮೇಲೆ. ಕವಿ ತನ್ನ ದನಿಯಲ್ಲಿ ಹೇಳುವುದು ಒಂದು ಸಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ‘ಪುರಾತನ ನಾಡಿನಿಂದ ಬಂದ ಒಬ್ಬ ಪ್ರಯಾಣಿಕ ಸಿಕ್ಕಿದ್ದ, ಅವನು ಹೇಳಿದ’ ಅಂತ ಹೇಳಿ ಕವಿ ಪಕ್ಕಕ್ಕೆ ಸರಿಯುತ್ತಾನೆ. ಮಿಕ್ಕಿದ್ದೆಲ್ಲ ಪ್ರಯಾಣಿಕನ ಮಾತು. ಆ ಮಾತಿನೊಳಗೆ ಒಬ್ಬ ಶಿಲ್ಪಿ. ಅವನು ಬಾಯಿ ಬಿಡಲ್ಲ, ಕಲ್ಲಿನ ಮುಖದ ಮೇಲೆ ರಾಜನ ಸೊಕ್ಕನ್ನು ಕೆತ್ತಿಟ್ಟು ಹೋಗಿದ್ದಾನೆ. ಅದರೊಳಗೆ ಪೀಠದ ಮೇಲಿನ ಬರಹ, ಅಂದರೆ ರಾಜನ ಸ್ವಂತ ಮಾತು. ಎರಡೇ ಸಾಲು. ‘ನಾನು ರಾಜಾಧಿರಾಜ, ನನ್ನ ಕೆಲಸ ನೋಡಿ ಬಲ್ಲಿದರೇ, ಆಸೆ ಬಿಡಿ’ ಅನ್ನುವ ಅರ್ಥದ ಮಾತು.

ಪೆನ್ಸಿಲ್ ತಗೊಂಡು ಹಳೇ ನೋಟ್‌ಬುಕ್ಕಿನ ಹಿಂದೆ ಸರಪಳಿ ಬರೆದೆ. ರಾಜ, ಶಿಲ್ಪಿ, ಪ್ರಯಾಣಿಕ, ಕವಿ, ಕೊನೆಗೆ ನಾನು. ಮೊದಲ ಸಲ ಆ ಪದ್ಯ ಮೈಗೆ ತಾಗಿತು. ‘ನನ್ನನ್ನು ನೋಡಿ’ ಅಂತ ಕೂಗಿದವನ ಮಾತು ಈಗ ನಾಲ್ಕನೇ ಕೈಯ ಸುದ್ದಿ. ಮಧ್ಯೆ ನಿಂತ ಶಿಲ್ಪಿಯಂತೂ ಘಾಟಿ. ಅವನ ಕೈ ಆ ಸೊಕ್ಕನ್ನು ‘ಮಾಕ್’ ಮಾಡಿತು ಅನ್ನುತ್ತದೆ ಕವಿತೆ. ಆ ಇಂಗ್ಲಿಷ್ ಪದಕ್ಕೆ ಇದ್ದ ಹಾಗೆ ರೂಪಿಸುವುದು ಅಂತಲೂ ಅರ್ಥ, ಅಣಕಿಸುವುದು ಅಂತಲೂ ಅರ್ಥ. ರಾಜನ ಕೂಲಿ ತಿಂದು, ರಾಜನ ಎದುರಿಗೇ, ಅವನ ಅಣಕವನ್ನು ಕಲ್ಲಿನಲ್ಲಿ ಇಟ್ಟುಹೋಗಿದ್ದಾನೆ. ಆಮೇಲೆ ಬಂದವರೆಲ್ಲ ಅದನ್ನೇ ದಾಟಿಸುತ್ತಿದ್ದಾರೆ.

ಅಲ್ಲಿಂದ ಮುಂದೆ ಮೂರೂ ಕೃತಿಗಳಿಗೆ ಒಂದೇ ಪ್ರಶ್ನೆ ಹಾಕುವುದು ಅಂತ ಇಟ್ಟುಕೊಂಡೆ. ಇದು ಯಾರ ಬಾಯಿಂದ ಬಂತು?

‘ಫ್ರಾಂಕನ್‌ಸ್ಟೈನ್’ಗೆ ಹಾಕಿದಾಗ ತಲೆ ತಿರುಗಿತು. ಅಂದ ಹಾಗೆ, ಫ್ರಾಂಕನ್‌ಸ್ಟೈನ್ ಅನ್ನುವುದು ಒಂದು ಜೀವಿಯನ್ನು ಸೃಷ್ಟಿ ಮಾಡಿದ ವಿಜ್ಞಾನಿ ವಿಕ್ಟರನ ಮನೆಹೆಸರು. ಆ ಜೀವಿಗೆ ಹೆಸರೇ ಇಲ್ಲ. ಇಡೀ ಕಾದಂಬರಿ ಕ್ಯಾಪ್ಟನ್ ವಾಲ್ಟನ್ ಇಂಗ್ಲೆಂಡಿನಲ್ಲಿರುವ ತನ್ನ ಅಕ್ಕ ಮಾರ್ಗರೆಟ್‌ಗೆ ಬರೆದ ಕಾಗದಗಳು. ಉತ್ತರಧ್ರುವದ ದಾರಿಯಲ್ಲಿ, ಹಿಮದ ಮಧ್ಯೆ, ಸಾಯುವ ಸ್ಥಿತಿಯಲ್ಲಿದ್ದ ವಿಕ್ಟರನನ್ನು ಅವನು ಹಡಗಿಗೆ ಹತ್ತಿಸಿಕೊಳ್ಳುತ್ತಾನೆ. ವಿಕ್ಟರ್ ತನ್ನ ಕತೆ ಹೇಳುತ್ತಾನೆ. ಆ ಕತೆಯ ನಡುವೆ ಜೀವಿ ತನ್ನ ಕತೆ ಹೇಳುತ್ತದೆ. ಜೀವಿಯ ಕತೆಯೊಳಗೆ, ಅದು ಗೋಡೆಯ ಸಂದಿಯಿಂದ ಕದ್ದು ನೋಡಿದ ಒಂದು ಬಡ ಕುಟುಂಬದ ಕತೆ. ನಮ್ಮ ಕತೆಯೊಳಗಿನ ಕತೆಗಳ ಹಾಗೇ.

ಇಲ್ಲಿ ನಾನು ಮಾಡಿದ ಕೆಲಸ ತುಂಬ ಸರಳ. ಪುಸ್ತಕದ ಅಂಚಿನಲ್ಲಿ ‘ವಾ’, ‘ವಿ’, ‘ಜೀ’ ಅಂತ ಗುರುತು ಹಾಕುತ್ತಾ ಹೋದೆ. ವಾಲ್ಟನ್ ಮಾತಾಡುವಾಗ ವಾ, ವಿಕ್ಟರ್ ಮಾತಾಡುವಾಗ ವಿ, ಜೀವಿ ಮಾತಾಡುವಾಗ ಜೀ. ಮೂರು ಸಂಜೆ ಹಿಡಿಯಿತು. ಬೋರಿನ ಕೆಲಸ ಅಂದುಕೊಂಡಿದ್ದೆ. ಆದರೆ ಹೀಗೆ ಗುರುತು ಹಾಕುತ್ತಾ ಹೋಗಿದ್ದರಿಂದಲೇ ಕೊನೆಯ ಭಾಗದ ಒಂದು ವಾಕ್ಯ ಕಣ್ಣಿಗೆ ಬಿತ್ತು. ಮೊದಲೆರಡು ಸಲ ಓದಿದಾಗ ಅದರ ಮೇಲೆ ಹಾಗೇ ಜಾರಿಹೋಗಿದ್ದೆ. ವಾಲ್ಟನ್ ಹೇಳುತ್ತಾನೆ: ನಾನು ಟಿಪ್ಪಣಿ ಮಾಡಿಕೊಳ್ಳುತ್ತಿರುವುದು ವಿಕ್ಟರನಿಗೆ ಗೊತ್ತಾಯಿತು, ಅವನು ಅದನ್ನು ಕೇಳಿ ಪಡೆದು ಎಷ್ಟೋ ಕಡೆ ತಾನೇ ತಿದ್ದಿದ, ಸೇರಿಸಿದ. ಮುಖ್ಯವಾಗಿ ಎಲ್ಲಿ? ತನ್ನ ಶತ್ರುವಿನ, ಅಂದರೆ ಆ ಜೀವಿಯ, ಜೊತೆ ಆಡಿದ ಮಾತುಗಳಿಗೆ ಜೀವ ತುಂಬುವುದರಲ್ಲಿ!

ಪೆನ್ಸಿಲ್ ಕೆಳಗಿಟ್ಟೆ. ಅಂದರೆ ‘ಜೀ’ ಅಂತ ನಾನು ಗುರುತು ಹಾಕಿದ್ದೆಲ್ಲ ನಿಜಕ್ಕೂ ‘ಜೀ’ ಅಲ್ಲ. ಜೀವಿಯ ಮಾತು, ವಿಕ್ಟರನ ನೆನಪು, ವಾಲ್ಟನನ ಕೈಬರಹ, ಮತ್ತೆ ವಿಕ್ಟರನ ತಿದ್ದುಪಡಿ. ಆರೋಪಿಯ ಹೇಳಿಕೆಯನ್ನು ದೂರು ಕೊಟ್ಟವನೇ ಕೂತು ತಿದ್ದಿದ ಹಾಗಾಯಿತು. ಇದೇ ವಿಕ್ಟರ್ ವಾಲ್ಟನನಿಗೆ ಎಚ್ಚರಿಕೆ ಬೇರೆ ಕೊಡುತ್ತಾನೆ: ಆ ಜೀವಿಗೆ ಚೆನ್ನಾಗಿ ಮಾತಾಡೋಕೆ ಬರುತ್ತದೆ, ನಂಬಬೇಡ ಅಂತ. ಹಾಗಿದ್ದೂ ಜೀವಿಯ ಕತೆ ಓದುವಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ವಿಕ್ಟರ್ ತಿದ್ದಿದ ಮೇಲೂ ಇಷ್ಟು ಕರುಣೆ ಉಳಿದಿದೆ ಅಂದರೆ ತಿದ್ದುವ ಮೊದಲು ಹೇಗಿತ್ತೋ! ಅಥವಾ ವಿಕ್ಟರನ ಮನಸ್ಸಿನ ಯಾವುದೋ ಮೂಲೆಯಲ್ಲಿ ತಪ್ಪು ತನ್ನದೇ ಅಂತ ಗೊತ್ತಿತ್ತಾ? ನನಗೆ ಎರಡನೆಯದೇ ಹೆಚ್ಚು ನಿಜ ಅನ್ನಿಸುತ್ತದೆ.

ಕೊನೆಯಲ್ಲಿ ವಿಕ್ಟರ್ ಸತ್ತ ಮೇಲೆ ಜೀವಿ ಹಡಗಿಗೆ ಬರುತ್ತದೆ, ವಾಲ್ಟನನ ಎದುರೇ ಮಾತಾಡುತ್ತದೆ. ವಿಕ್ಟರನ ಕೈ ದಾಟದೆ ಅದರ ಮಾತು ನಮಗೆ ಸಿಗುವುದು ಅಲ್ಲಿ ಮಾತ್ರ. ಆ ಪುಟಗಳಲ್ಲಿ ನಾನು ‘ಜೀ’ ಅಂತ ದಪ್ಪವಾಗಿ ಬರೆದಿದ್ದೇನೆ.

ಇಲ್ಲಿ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ನನ್ನ ಹತ್ತಿರ ಇದ್ದದ್ದು 1831ರ ತಿದ್ದಿದ ಆವೃತ್ತಿ, ಗೆಳತಿಯ ಹತ್ತಿರ ಇದ್ದದ್ದು 1818ರ ಮೊದಲ ಆವೃತ್ತಿಯ ಪಠ್ಯ. ಇಬ್ಬರೂ ಅಧ್ಯಾಯದ ಸಂಖ್ಯೆ ಹೇಳಿಕೊಂಡು ಒಂದು ಗಂಟೆ ಜಗಳ ಆಡಿದೆವು. 1818ರದ್ದು ಮೂರು ಸಂಪುಟ, ಪ್ರತಿ ಸಂಪುಟದಲ್ಲೂ ಅಧ್ಯಾಯ ಒಂದರಿಂದ ಶುರು. ಅದರಲ್ಲಿ ಎಲಿಜಬೆತ್ ವಿಕ್ಟರನ ಅತ್ತೆಯ ಮಗಳು. 1831ರಲ್ಲಿ ಅವಳು ಇಟಲಿಯ ಬಡವರ ಮನೆಯಲ್ಲಿ ಸಿಕ್ಕ ಅನಾಥೆ. ಯಾವ ಆವೃತ್ತಿ ಅಂತ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಗೆಳೆತನ ಉಳಿಯುತ್ತದೆ.

ಕವಿತೆ ಮತ್ತು ಕಾದಂಬರಿ ಚೆನ್ನಾಗಿ ಕೂಡಿಕೊಂಡವು. ಕೂಡಲೇಬೇಕು, ಎರಡೂ ಒಂದೇ ಮನೆಯವು. ಹೆಂಡತಿಯ ಕಾದಂಬರಿ ಹೊರಬಂದದ್ದು 1818ರ ಜನವರಿ 1ಕ್ಕೆ. ಗಂಡನ ಕವಿತೆ ‘ಎಕ್ಸಾಮಿನರ್’ ಪತ್ರಿಕೆಯಲ್ಲಿ ಬಂದದ್ದು ಅದೇ ತಿಂಗಳ 11ಕ್ಕೆ. ಕವಿತೆಯ ಕೊನೆಯಲ್ಲಿ ಮರಳು ದೂರ ದೂರಕ್ಕೆ ಹಬ್ಬಿಕೊಂಡು ಹೋಗುತ್ತದೆ. ಕಾದಂಬರಿಯ ಕೊನೆಯಲ್ಲಿ ಜೀವಿ ಕತ್ತಲೆಯಲ್ಲಿ, ದೂರದಲ್ಲಿ ಮರೆಯಾಗುತ್ತದೆ. ಯಾರು ಯಾರಿಂದ ತಗೊಂಡರು ಅನ್ನುವ ಗೋಜಿಗೆ ನಾನು ಹೋಗಲಿಲ್ಲ. ಜೀವಿ ಗೋಡೆಯಾಚೆ ನಿಂತು ಭಾಷೆ ಕಲಿಯುವಾಗ ಕೇಳಿಸಿಕೊಳ್ಳುವ ಪುಸ್ತಕ ಯಾವುದು ಗೊತ್ತಾ? ವೊಲ್ನಿ ಬರೆದ, ಸಾಮ್ರಾಜ್ಯಗಳ ಪಾಳುಗಳ ಮೇಲಿನ ಪುಸ್ತಕ. ಪಾಳುಬಿದ್ದ ರಾಜ್ಯಗಳ ಯೋಚನೆ ಆ ಮನೆಯಲ್ಲಿ ಓಡಾಡುತ್ತಿತ್ತು ಅಂತ ಮಾತ್ರ ಬರೆದೆ.

ತೊಂದರೆ ಕೊಟ್ಟಿದ್ದು ನಾಟಕ. ‘ಮ್ಯಾಕ್‌ಬೆತ್’ನಲ್ಲಿ ಕತೆ ಹೇಳುವವನೇ ಇಲ್ಲ. ನಮ್ಮ ಬಯಲಾಟದ ಭಾಗವತರಂತೆ ಪಕ್ಕದಲ್ಲಿ ನಿಂತು ನಡೆಸಿಕೊಡುವವರೂ ಇಲ್ಲ. ಪ್ರಶ್ನೆಯೇ ತಪ್ಪಾಯಿತೇನೋ ಅನ್ನಿಸಿ ಒಂದು ವಾರ ಬಿಟ್ಟುಬಿಟ್ಟೆ. ಆಮೇಲೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದೆ. ರಂಗದ ಮೇಲೆ ಎಲ್ಲವನ್ನೂ ತೋರಿಸಬಹುದಾದ ಕಡೆ, ತೋರಿಸದೆ ಯಾರದೋ ಬಾಯಲ್ಲಿ ಹೇಳಿಸಿದ್ದು ಏನೇನು?

ಪಟ್ಟಿ ಉದ್ದ ಆಯಿತು. ಮ್ಯಾಕ್‌ಬೆತ್ ರಂಗಕ್ಕೆ ಬರುವ ಮೊದಲೇ ಅವನ ಸುದ್ದಿ ಬರುತ್ತದೆ. ಗಾಯಗೊಂಡ ಸೈನಿಕನೊಬ್ಬ ರಕ್ತ ಸುರಿಸುತ್ತಾ ಬಂದು, ಅವನು ಶತ್ರುವನ್ನು ಹೊಕ್ಕುಳಿನಿಂದ ದವಡೆಯವರೆಗೆ ಸೀಳಿದ ಅಂತ ಹೊಗಳುತ್ತಾನೆ. ಶೂರ ಅನ್ನುವ ಹೆಸರು ಮೊದಲು ಬಂತು, ಮನುಷ್ಯ ಆಮೇಲೆ ಬಂದ. ಲೇಡಿ ಮ್ಯಾಕ್‌ಬೆತ್ ಮೊದಲ ಸಲ ಕಾಣಿಸಿಕೊಂಡಾಗ ಅವಳ ಬಾಯಲ್ಲಿ ಇರುವುದು ಅವಳ ಮಾತಲ್ಲ, ಗಂಡನ ಕಾಗದ. ಪಟ್ಟಕ್ಕಾಗಿ ಮ್ಯಾಕ್‌ಬೆತ್ ಮಾಡುವ ಡಂಕನ್ ರಾಜನ ಕೊಲೆ ತೆರೆಯ ಹಿಂದೆ. ಅವಳ ಸಾವೂ ತೆರೆಯ ಹಿಂದೆ. ಒಳಗೆ ಹೆಂಗಸರ ಕೂಗು, ‘ರಾಣಿ ಸತ್ತಳು ಪ್ರಭು’ ಅನ್ನುವ ಒಂದು ಮಾತು, ಅಷ್ಟೇ. ತಾನೇ ಪ್ರಾಣ ಕಳಕೊಂಡಳು ಅನ್ನುವುದು ಕೊನೆಯ ಭಾಷಣದಲ್ಲಿ ಬರುತ್ತದೆ, ಅದೂ ‘ಜನ ಅಂದುಕೊಂಡಿದ್ದಾರೆ’ ಅನ್ನುವ ಧಾಟಿಯಲ್ಲಿ.

ಆದರೆ ನನಗೆ ಬೀಗದಕೈ ಸಿಕ್ಕಿದ್ದು ಐದನೇ ಅಂಕದ ಮೊದಲ ದೃಶ್ಯದಲ್ಲಿ. ರಾಣಿ ನಿದ್ದೆಯಲ್ಲಿ ನಡೆಯುತ್ತಾಳೆ, ಮಾತಾಡುತ್ತಾಳೆ. ಅವಳು ಏನು ಹೇಳುತ್ತಾಳೆ ಅಂತ ವೈದ್ಯ ಕೇಳಿದರೆ ಸೇವಕಿ ಹೇಳುವುದಿಲ್ಲ. ನಿಮಗೂ ಹೇಳಲ್ಲ, ಯಾರಿಗೂ ಹೇಳಲ್ಲ, ನನ್ನ ಮಾತಿಗೆ ಸಾಕ್ಷಿ ಇಲ್ಲ ಅನ್ನುತ್ತಾಳೆ. ಹೆಸರೂ ಇಲ್ಲದ ಈ ಹೆಂಗಸನ್ನು ನಾನು ಎಷ್ಟು ಸಲ ಓದಿ ಮರೆತಿದ್ದೆನೋ. ಒಝಿಮ್ಯಾಂಡಿಯಸನ ಪ್ರಯಾಣಿಕ ಸಿಕ್ಕವರಿಗೆ ಹೇಳುತ್ತಾನೆ. ವಾಲ್ಟನ್ ಅಕ್ಕನಿಗೆ ಪುಟಗಟ್ಟಲೆ ಬರೆಯುತ್ತಾನೆ. ಇವಳು ಮಾತ್ರ ಬಾಯಿ ಮುಚ್ಚಿಕೊಂಡಿದ್ದಾಳೆ. ಕೊಲೆಗಾರನ ಅರಮನೆಯಲ್ಲಿ ಕೇಳಿದ್ದನ್ನು ದಾಟಿಸಿದರೆ ತಲೆ ಹೋಗುತ್ತದೆ. ಸರಪಳಿ ಅಲ್ಲಿ ತುಂಡಾಗಿದೆ. ತುಂಡಾದ ಜಾಗದಲ್ಲೇ ರಾಣಿ ಒಳಗೆ ಬರುತ್ತಾಳೆ, ನಾವೇ ಕೇಳುತ್ತೇವೆ. ಇದು ನಾಟಕ ಮಾತ್ರ ಮಾಡಬಲ್ಲ ಕೆಲಸ. ಕಾದಂಬರಿಯಲ್ಲಿ ಹೇಳುವವನು ಸುಮ್ನಾದರೆ ಪುಟ ಖಾಲಿ.

ಇದಾದ ಮೇಲೆ ಹೆಂಡತಿ ಸತ್ತ ಸುದ್ದಿ ಕೇಳಿ ಮ್ಯಾಕ್‌ಬೆತ್ ಆಡುವ ಮಾತು ಬೇರೆಯದೇ ಥರ ಕೇಳಿಸಿತು. ಬದುಕು ಅಂದರೆ ಒಬ್ಬ ಮಂಕ ಹೇಳಿದ ಕತೆ, ಸದ್ದು ಗದ್ದಲ ತುಂಬಿದ್ದು, ಅರ್ಥ ಏನೂ ಇಲ್ಲ ಅನ್ನುತ್ತಾನೆ. ಹೇಳಿದ ಕತೆ! ಇಷ್ಟು ದಿನ ಅದು ಬೇಜಾರಿನ ಮಾತು ಅಂತ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ. ಸೈನಿಕನ ಹೊಗಳಿಕೆಯಲ್ಲಿ ಹುಟ್ಟಿದವನು ಕೊನೆಗೆ ಹೇಳುವವನ ಮೇಲೇ ಸಿಟ್ಟಾಗುತ್ತಿದ್ದಾನೆ.

ಮತ್ತೆ ಬರೆದೆ. ಈ ಸಲ ಆರೇ ಪುಟ. ಇಂಟರ್ನಲ್ಸ್ ಮುಗಿದಿತ್ತು, ಮಾರ್ಕ್ಸ್ ಬದಲಾಗಲಿಲ್ಲ. ಮೇಷ್ಟ್ರು ಓದಿ, ‘ಹ್ಞೂಂ, ಈಗ ಸ್ಮಿತ್‌ನ ಓದು’ ಅಂದರು.

ಹೊರೇಸ್ ಸ್ಮಿತ್ ಶೆಲ್ಲಿಯ ಗೆಳೆಯ. 1817ರ ಕೊನೆಯಲ್ಲಿ ಇಬ್ಬರೂ ಪೈಪೋಟಿಗೆ ಬಿದ್ದು ಒಂದೇ ವಿಷಯದ ಮೇಲೆ ಸಾನೆಟ್ ಬರೆದರು. ಸ್ಮಿತ್‌ನದು ಅದೇ ಪತ್ರಿಕೆಯಲ್ಲಿ 1818ರ ಫೆಬ್ರವರಿ 1ಕ್ಕೆ ಬಂತು. ಅದರಲ್ಲಿ ಪ್ರಯಾಣಿಕ ಇಲ್ಲ, ಶಿಲ್ಪಿಯೂ ಇಲ್ಲ. ಮರುಭೂಮಿಯಲ್ಲಿ ದೊಡ್ಡದೊಂದು ಕಾಲು ನಿಂತಿದೆ ಅಂತ ಕವಿ ತಾನೇ ಹೇಳುತ್ತಾನೆ. ಮುಂದೊಂದು ದಿನ ಲಂಡನ್ ಕಾಡಾಗಿ, ತೋಳದ ಬೆನ್ನಟ್ಟಿ ಬಂದ ಬೇಟೆಗಾರನೊಬ್ಬ ಅದರ ಪಾಳು ನೋಡಿ ಬೆರಗಾಗಬಹುದು ಅಂತ ಮುಗಿಸುತ್ತಾನೆ. ಯೋಚನೆ ಚೆನ್ನಾಗಿದೆ, ಸುಳ್ಳಲ್ಲ. ಲಂಡನ್ನಿನವರಿಗೆ ಶೆಲ್ಲಿಗಿಂತ ನೇರವಾಗಿಯೇ ಚುಚ್ಚುತ್ತದೆ. ಆದರೂ ಅದನ್ನು ಯಾರೂ ಬಾಯಿಪಾಠ ಮಾಡಿದ್ದು ನಾನು ನೋಡಿಲ್ಲ. ಒಂದೇ ಕಲ್ಲು, ಒಂದೇ ರಾಜ, ಒಂದೇ ಚಳಿಗಾಲ. ನಡುವಿನ ಬಾಯಿಗಳನ್ನು ತೆಗೆದರೆ ಏನಾಗುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೇ ಜೋಡಿ ನನಗೆ ಸಿಕ್ಕಿಲ್ಲ. ಈಗ ನಾನೂ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೋಲಿಕೆ ಕಲಿಸುವಾಗ ಈ ಎರಡು ಸಾನೆಟ್‌ಗಳಿಂದಲೇ ಶುರು ಮಾಡುತ್ತೇನೆ. ಮೂರು ದಪ್ಪ ಪುಸ್ತಕ ಮೊದಲೇ ಕೊಟ್ಟರೆ ಮತ್ತೆ ದಿನಸಿ ಚೀಟಿಯೇ ಬರುತ್ತದೆ.

ಒಂದು ಸಲ ಅಮ್ಮನಿಗೆ ಶೆಲ್ಲಿಯ ಪದ್ಯವನ್ನು ಕನ್ನಡದಲ್ಲಿ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

‘ಆ ಕಲ್ಲಿನ ಮೇಲೆ ಬರೆದಿತ್ತು ಅಂದ್ಯಲ್ಲ, ಯಾವ ಭಾಷೇಲಿ?’

‘ಈಜಿಪ್ಟಿನವರ ಲಿಪಿಯಲ್ಲಿ ಇರಬೇಕಮ್ಮ.’

‘ಅದನ್ನ ಓದೋಕೆ ಅವನಿಗೆ ಬರ್ತಿತ್ತಾ?’

ನಾನು ಸುಮ್ನೆ ಕೂತೆ. ಬರುತ್ತಿರಲಿಲ್ಲ. ಆ ಚಿತ್ರಲಿಪಿಯನ್ನು ಓದಬಲ್ಲವರು 1818ರಲ್ಲಿ ಯಾರೂ ಇರಲಿಲ್ಲ. ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಅದರ ಗುಟ್ಟು ಬಿಡಿಸಿದ್ದು 1822ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಶೆಲ್ಲಿ ಇಟಲಿಯ ಸಮುದ್ರದಲ್ಲಿ ಮುಳುಗಿ ಸತ್ತು ಎರಡು ತಿಂಗಳಾಗಿತ್ತು. ಅವನು ಈಜಿಪ್ಟಿಗೆ ಹೋದವನೂ ಅಲ್ಲ. ರಾಜನ ಆ ಮಾತು ಉಳಿದು ಬಂದದ್ದು ಡಿಯೊಡೊರಸ್ ಅನ್ನುವ ಗ್ರೀಕ್ ಇತಿಹಾಸಕಾರನ ಬರಹದಲ್ಲಿ, ಕ್ರಿಸ್ತಪೂರ್ವ ಒಂದನೇ ಶತಮಾನದ್ದು. ಒಝಿಮ್ಯಾಂಡಿಯಸ್ ಅನ್ನುವ ಹೆಸರೇ ಗ್ರೀಕರ ಬಾಯಲ್ಲಿ ಆದದ್ದು. ಆ ರಾಜ ನಮಗೆ ರಾಮ್ಸೆಸ್ ಅಂತ ಗೊತ್ತಿರುವವನು.

ಒಳಗೆ ಹೋಗಿ ಹಳೇ ನೋಟ್‌ಬುಕ್ ತೆಗೆದೆ. ಶಿಲ್ಪಿಗೂ ಪ್ರಯಾಣಿಕನಿಗೂ ನಡುವೆ ಜಾಗ ಕಮ್ಮಿ ಇತ್ತು. ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು ಸೇರಿಸಿದೆ.