ಕಸದ ತೊಟ್ಟಿಯಲ್ಲಿ ಅಪಾಯಕಾರಿ ವಸ್ತು ಕಂಡಾಗ: ಕೊಡಗಿನ ವ್ಯಾಪಾರಸ್ಥರಿಗೆ ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂತಹ ಪಟ್ಟಣಗಳಲ್ಲಿ ಹೋಂಸ್ಟೇ, ಗ್ಯಾರೇಜ್, ಕ್ಲಿನಿಕ್ ಮತ್ತು ತೋಟದ ಔಷಧಿ ಮಾರುವ ಅಂಗಡಿಗಳು ಒಂದೇ ಬೀದಿಯಲ್ಲಿರುವುದು ಸಾಮಾನ್ಯ. ಬೀಗವಿಲ್ಲದ ತೊಟ್ಟಿಯನ್ನು ಓಣಿಯಲ್ಲಿಟ್ಟರೆ ಬೆಳಿಗ್ಗೆ ಅದರಲ್ಲಿ ಕಾಣುವ ಡಬ್ಬ ನಿಮ್ಮದೇ ಆಗಿರಬೇಕೆಂದಿಲ್ಲ. ಆದರೆ ಅದಕ್ಕೆ ಮೊದಲು ಕೈಹಾಕುವವರು ನಿಮ್ಮ ಕೆಲಸದವರು ಅಥವಾ ಕಸದ ಗಾಡಿಯ ಪೌರಕಾರ್ಮಿಕರು. ಆದುದರಿಂದ ಅನುಮಾನ ಬಂದ ಕ್ಷಣವೇ ಕೆಲಸ ನಿಲ್ಲಿಸುವ ಅಧಿಕಾರವನ್ನು ತೊಟ್ಟಿಯ ಮುಂದೆ ನಿಂತವರಿಗೇ ಕೊಡಬೇಕು. ಯಜಮಾನರ ಅಪ್ಪಣೆಗಾಗಿ ಕಾಯುವಂತೆ ಆಗಬಾರದು.

ನಿಲ್ಲಿಸಿದ ಮೇಲೆ ಆ ವಸ್ತುವನ್ನು ಎತ್ತಬಾರದು, ಕೋಲಿನಿಂದ ಕೆದಕಬಾರದು, ಮೂಸಿ ನೋಡಬಾರದು, ಇನ್ನೊಂದು ಚೀಲಕ್ಕೆ ಸುರಿಯಬಾರದು. ಹೊಗೆ, ಬುಸುಗುಟ್ಟುವ ಸದ್ದು, ಡಬ್ಬದ ಊತ, ಬಿಸಿ ಅಥವಾ ಕಟುವಾಸನೆ ಇದ್ದರೆ ಮುಚ್ಚಳವನ್ನೂ ಮುಟ್ಟದೆ, ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ಸರಿದು, ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಬೇಕು. ಅಂತಹ ಲಕ್ಷಣ ಇಲ್ಲದಿದ್ದರೆ ದೂರದಿಂದಲೇ ಫೋಟೋ ತೆಗೆದು, ಯಾರೂ ಹತ್ತಿರ ಬಾರದಂತೆ ಹಗ್ಗ ಕಟ್ಟಿದರೆ ಸಾಕು. ಕಸದ ಗಾಡಿ ಬಂದರೆ ಆ ದಿನ ತೊಟ್ಟಿಯ ಕಸ ಕೊಡದೆ ಗಾಡಿಯನ್ನು ಹಾಗೆಯೇ ಕಳುಹಿಸಿಬಿಡಿ, ಏಕೆಂದರೆ ಗಾಡಿಯಲ್ಲಿ ಕಸ ಒತ್ತಿದಾಗ ಡಬ್ಬ ಒಡೆಯುತ್ತದೆ.

ಕೀಟನಾಶಕದ ಡಬ್ಬಗಳ ಮೇಲೆ ಒಂದು ಬಣ್ಣದ ಗುರುತು ಇರುತ್ತದೆ: ಕೆಂಪು ಅತಿ ವಿಷಕಾರಿ, ನಂತರ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಹೆಚ್ಚು ಭಯಪಡಬೇಕಾದದ್ದು ಲೇಬಲ್ ಇಲ್ಲದ ಬಾಟಲಿಗೆ. ತೋಟದಿಂದ ನೀರಿನ ಬಾಟಲಿಯಲ್ಲಿ ತಂದು ಉಳಿದ ಕಳೆನಾಶಕ ನೋಡಲು ತಂಪುಪಾನೀಯದಂತೆಯೇ ಇರುತ್ತದೆ. ಅದನ್ನು ಕೆಂಪು ಗುರುತಿನದ್ದೆಂದೇ ಭಾವಿಸಿ ನಡೆದುಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ನೀರಿನ ವಿಷಯದಲ್ಲಿ. ಏನಾದರೂ ಚೆಲ್ಲಿದರೆ ಪೈಪು ಹಿಡಿದು ತೊಳೆಯುವುದು ನಮಗೆಲ್ಲ ರೂಢಿಯಾಗಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಆ ಕೆಲಸ ಮಾಡುತ್ತದೆ. ಆದರೆ ಗೋದಾಮಿನ ಧಾನ್ಯಕ್ಕೆ ಹುಳು ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗೆ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ ಸುಮಾರು 1 ಗ್ರಾಂ ಅನಿಲ ಬರುತ್ತದೆ, ಅದು ಬೆಂಕಿಯನ್ನೂ ಹಿಡಿಯಬಲ್ಲದು. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಸುಳಿವಾಗಬಹುದು, ಆದರೆ ವಾಸನೆ ಇಲ್ಲವೆಂದು ಅಪಾಯವಿಲ್ಲವೆಂದು ತಿಳಿಯಬಾರದು. ಬೂದುಬಣ್ಣದ ಪುಡಿ ಅಥವಾ ಬಾಯಿ ತೆರೆದ ಅಲ್ಯೂಮಿನಿಯಂ ಡಬ್ಬಿ ಕಂಡರೆ ನೀರು ಹಾಕಕೂಡದು. ಬೆಂಕಿ ಹೊತ್ತಿದರೂ ಅಗ್ನಿಶಾಮಕ ದಳದವರಿಗೆ ಈ ಅನುಮಾನವನ್ನು ಮೊದಲೇ ತಿಳಿಸಬೇಕು. ತೊಟ್ಟಿಯನ್ನು ಸೂರಿನಡಿ ಇಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಹೋಂಸ್ಟೇಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಅವಘಡವೆಂದರೆ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಇರುವ ಶೌಚಾಲಯ ಕ್ಲೀನರ್ ಒಂದೇ ಚೀಲದಲ್ಲಿ ಸೇರುವುದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಣ್ಣು ಉರಿದು ಕೆಮ್ಮು ಬಂದರೆ ಚೀಲವನ್ನು ಬಿಡಿಸಲು ಹೋಗದೆ ಎಲ್ಲರೂ ತೆರೆದ ಗಾಳಿಗೆ ಬರಬೇಕು.

ಊದಿಕೊಂಡ ಮೊಬೈಲ್ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು ಬೇಡ. ಗ್ಯಾರೇಜಿನ ಎಣ್ಣೆ, ಥಿನ್ನರ್ ನೆನೆದ ಬಟ್ಟೆಗಳನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲಿಡಬೇಕು. ಟ್ಯೂಬ್‌ಲೈಟ್ ಒಡೆದಿದ್ದರೆ ಪಾದರಸವಿರುವುದರಿಂದ ಪೊರಕೆ ಬಳಸದೆ, ಕಿಟಕಿ ತೆರೆದು ಹೊರಬಂದು ಸ್ವಲ್ಪ ಹೊತ್ತಿನ ನಂತರ ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಬೇಕು. ಕೋವಿಯ ಸಂಪ್ರದಾಯವಿರುವ ಜಿಲ್ಲೆಯಾದುದರಿಂದ ಹಳೆಯ ತೋಟಾ (ಕೋವಿಯ ಗುಂಡು) ಸಿಗುವುದೂ ಉಂಟು. ಮುಟ್ಟದೆ ಪೊಲೀಸರಿಗೆ ತಿಳಿಸಿ.

ಕಸದಲ್ಲಿದ್ದ ಇಂಜೆಕ್ಷನ್ ಸೂಜಿ ಚುಚ್ಚಿಸಿಕೊಂಡವರು ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಗಟ್ಟುವ ಔಷಧಿಯನ್ನು 72 ಗಂಟೆಯೊಳಗೆ ಆರಂಭಿಸಬೇಕಾಗುತ್ತದೆ, ಮೊದಲ ಕೆಲವು ಗಂಟೆಗಳಲ್ಲೇ ಆದರೆ ಉತ್ತಮ. ರಾಸಾಯನಿಕ ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಪುಡಿಯಾಗಿದ್ದರೆ ಒಣಬಟ್ಟೆಯಿಂದ ಕೊಡವಿ, ಆಮೇಲೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೂ ಇಷ್ಟೇ ಹೊತ್ತು ನೀರು ಬೇಕು. ವಿಷ ಕುಡಿದವರಿಗೆ ವಾಂತಿ ಮಾಡಿಸಕೂಡದು. 108ಕ್ಕೆ ಕರೆ ಮಾಡಿ, ಲೇಬಲ್‌ನ ಫೋಟೋವನ್ನು ವೈದ್ಯರಿಗೆ ತೋರಿಸಿ.

ಬೆಂಕಿ, ಹೊಗೆ ಅಥವಾ ಅನಿಲ ಕಂಡರೆ 112. ಉಳಿದಂತೆ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಿ, ಕೈಗಾರಿಕಾ ತ್ಯಾಜ್ಯವೆನಿಸಿದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಬೇಕು. ಸುಡುವುದು, ತೋಟದಲ್ಲಿ ಹೂಳುವುದು, ತೋಡಿಗೆ ಎಸೆಯುವುದು ಪರಿಹಾರವಲ್ಲ. ಇಲ್ಲಿನ ತೋಡುಗಳಲ್ಲಿ ಬಹುಪಾಲು ಕೊನೆಗೆ ಸೇರುವುದು ಕಾವೇರಿಯನ್ನೇ. ಹಳೆಯ ಎಂಜಿನ್ ಆಯಿಲ್‌ನಂತಹ ತ್ಯಾಜ್ಯ ನಿಮ್ಮದೇ ಆಗಿದ್ದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಸಂಗ್ರಹಕಾರರಿಗೇ ಒಪ್ಪಿಸಬೇಕು. ಗುಜರಿಯವರಿಗೆ ಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ.

ಆ ಬಳಿಕ ತೊಟ್ಟಿಗೆ ಬೀಗ ಹಾಕಿ, ಬೀಗದ ಕೈ ಯಾರ ಬಳಿ ಇದೆಯೆಂದು ಗೊತ್ತುಮಾಡಿ. ಎಚ್ಚರಿಕೆಯ ಫಲಕದಲ್ಲಿ ಅಕ್ಷರಕ್ಕಿಂತ ಚಿತ್ರ ದೊಡ್ಡದಾಗಿರಲಿ, ಏಕೆಂದರೆ ಕೆಲಸಕ್ಕೆ ಅಸ್ಸಾಂನಿಂದ ಬಂದವರಿಗೆ ಕನ್ನಡ ಓದಲು ಬಾರದಿರಬಹುದು. ಕೈಗವಸು, ಒಣ ಮರಳಿನ ಬಕೆಟ್ ಮತ್ತು ಹಗ್ಗವನ್ನು ತೊಟ್ಟಿಯ ಪಕ್ಕದಲ್ಲಿಡದೆ, ಅನಿಲ ಹರಡಿದರೂ ಕೈಗೆ ಸಿಗುವಷ್ಟು ದೂರದಲ್ಲಿಡಿ.