ಈ ಯೂಸರ್ ಯಾವ್ಯಾವ ಗ್ರೂಪ್‌ನಲ್ಲಿದ್ದಾರೆ? ರಸ್ಟ್‌ನಲ್ಲಿ ಹುಡುಕಲು ಹೋದ ಕತೆ

ಅರ್ಧ ದಿನದ ಕೆಲಸ ಅಂತ ಮ್ಯಾನೇಜರ್‌ಗೆ ಹೇಳಿಬಿಟ್ಟಿದ್ದೆ. ಲಿನಕ್ಸ್ ಸರ್ವರ್‌ನಲ್ಲಿ ಓಡುವ ಒಂದು ಪುಟ್ಟ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಬರೆಯಬೇಕಿತ್ತು. ಯೂಸರ್ ಹೆಸರು ಕೊಟ್ಟರೆ ಅವರು ರಿಲೀಸ್ ಬಟನ್ ಒತ್ತಬಹುದೋ ಇಲ್ಲವೋ ಅಂತ ಅದು ಹೇಳಬೇಕು. 'ಡಿಪ್ಲಾಯ್' ಗ್ರೂಪ್‌ನಲ್ಲಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಅಷ್ಟೇ.

ರಸ್ಟ್ ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇದಕ್ಕೆ ಏನೂ ಇಲ್ಲ. ಸರಿ, ಇಟಿಸಿ ಡೈರೆಕ್ಟರಿಯ ಗ್ರೂಪ್ ಫೈಲನ್ನೇ ಓದಿದರಾಯ್ತು ಅಂದುಕೊಂಡೆ. ಒಂದೊಂದು ಸಾಲಿನಲ್ಲೂ ಕೋಲನ್ ಹಾಕಿ ಬೇರ್ಪಡಿಸಿದ 4 ಭಾಗ: ಹೆಸರು, ಪಾಸ್‌ವರ್ಡ್ ಜಾಗ, ಜಿಐಡಿ (ಗ್ರೂಪ್‌ನ ಸಂಖ್ಯೆ), ಕೊನೆಗೆ ಸದಸ್ಯರ ಪಟ್ಟಿ. ಸುಮಾರು 40 ಸಾಲಿನ ಕೋಡ್. ನನ್ನ ಹೆಸರು ಹಾಕಿ ನೋಡಿದೆ, ಸರಿಯಾಗಿ ಬಂತು. ನನ್ನ ಹೆಸರಿಗೆ ಸರಿ ಬಂದರೆ ಎಲ್ಲರಿಗೂ ಸರಿ ಅಂತ ನಂಬಿದ್ದು ನನ್ನದೇ ದಡ್ಡತನ.

ಮರುದಿನ ಪಕ್ಕದ ಸೀಟಿನವರು ಕೇಳಿದರು: "ನನ್ನ ಪ್ರೈಮರಿ ಗ್ರೂಪೇ ಡಿಪ್ಲಾಯ್ ಅಲ್ವಾ, ನನಗ್ಯಾಕೆ ಆಗಲ್ಲ ಅಂತಿದೆ?" ಪ್ರೈಮರಿ ಗ್ರೂಪ್, ಅಂದರೆ ಯೂಸರ್‌ನ ಮುಖ್ಯ ಗ್ರೂಪ್, ಇರುವುದು ಯೂಸರ್‌ಗಳ ವಿವರವಿರುವ ಪಾಸ್‌ವಡ್ ಫೈಲಿನ 4ನೇ ಭಾಗದಲ್ಲಿ. ಗ್ರೂಪ್ ಫೈಲಿನ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಇರಲೇಬೇಕು ಅಂತೇನಿಲ್ಲ. ಅದನ್ನೂ ಸೇರಿಸಿದೆ.

ಆಮೇಲೆ ಬಂತು ನಿಜವಾದ ಪೆಟ್ಟು. ಇನ್ನೊಂದು ಸರ್ವರ್‌ನಲ್ಲಿ ಯೂಸರ್‌ಗಳೆಲ್ಲ ಬರುವುದು ಎಲ್‌ಡ್ಯಾಪ್ ಎಂಬ ಕೇಂದ್ರ ಡೈರೆಕ್ಟರಿಯಿಂದ. 'ಐಡಿ' ಕಮಾಂಡ್ ಒಬ್ಬರಿಗೆ 23 ಗ್ರೂಪ್ ತೋರಿಸುತ್ತೆ, ನನ್ನ ಡೀಮನ್ ಸೊನ್ನೆ ಅನ್ನುತ್ತೆ. ಯೂಸರ್, ಗ್ರೂಪ್ ವಿವರ ಎಲ್ಲೆಲ್ಲಿಂದ ತರಬೇಕು ಅಂತ ಹೇಳುವ ಎನ್‌ಎಸ್‌ಸ್ವಿಚ್ ಕಾನ್ಫಿಗ್ ತೆಗೆದು ನೋಡಿದರೆ ಗ್ರೂಪ್ ಸಾಲಿನಲ್ಲಿ 'ಫೈಲ್ಸ್' ಪಕ್ಕದಲ್ಲೇ 'ಎಸ್‌ಎಸ್‌ಎಸ್' ಅಂತಿದೆ. ಎಲ್‌ಡ್ಯಾಪ್‌ನಂಥ ಕಡೆಯಿಂದ ವಿವರ ತರುವ ಎಸ್‌ಎಸ್‌ಎಸ್‌ಡಿ ಎಂಬ ಡೀಮನ್‌ನ ಗುರುತು ಅದು. ಅಂದರೆ ಫೈಲ್ ಅನ್ನೋದು ಹಲವು ಮೂಲಗಳಲ್ಲಿ ಒಂದು ಮಾತ್ರ. ಅದನ್ನು ಕೈಯಾರೆ ಓದಿದ್ದೇ ತಪ್ಪು. ಕೇಳಬೇಕಾದದ್ದು ಆ ಕಾನ್ಫಿಗ್ ನೋಡಿ ಎಲ್ಲ ಮೂಲಗಳನ್ನೂ ವಿಚಾರಿಸುವ ಸಿಸ್ಟಮ್‌ನ ಸಿ ಲೈಬ್ರರಿಯನ್ನು.

ಅದರ ಗೆಟ್‌ಗ್ರೆಂಟ್ ಫಂಕ್ಷನ್ ಹಿಡಿದು ಎಲ್ಲ ಗ್ರೂಪ್‌ಗಳನ್ನೂ ಸುತ್ತಿ, ಹೆಸರು ಇದೆಯಾ ನೋಡೋಣ ಅಂತ ಹೋದೆ. ಅದೂ ಕೈಕೊಟ್ಟಿತು. ಎಸ್‌ಎಸ್‌ಎಸ್‌ಡಿಯಲ್ಲಿ ಹಾಗೆ ಪೂರ್ತಿ ಪಟ್ಟಿ ಕೊಡುವ ಸೌಲಭ್ಯ ಮಾಮೂಲಾಗಿ ಆಫ್ ಇರುತ್ತೆ. ದೊಡ್ಡ ಡೈರೆಕ್ಟರಿಯಲ್ಲಿ ಸಾವಿರಾರು ಗ್ರೂಪ್ ಎಳೆದು ತರೋದು ಯಾರಿಗೆ ಬೇಕು? ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು: ಗ್ರೂಪ್ ಹಿಡಿದು ಯೂಸರ್ ಹುಡುಕುವುದಲ್ಲ, ಯೂಸರ್ ಹೆಸರು ಕೊಟ್ಟು ಗ್ರೂಪ್ ಕೇಳುವುದು. ಸಿ ಲೈಬ್ರರಿಯ ಗೆಟ್‌ಗ್ರೂಪ್‌ಲಿಸ್ಟ್ ಫಂಕ್ಷನ್ ಮಾಡುವುದು ಅದನ್ನೇ.

ಇದಕ್ಕೆ ಹೆಸರು, ಪ್ರೈಮರಿ ಜಿಐಡಿ, ಒಂದು ಖಾಲಿ ಅರೇ, ಅದರ ಅಳತೆಗೆ ಒಂದು ಪಾಯಿಂಟರ್ ಕೊಡಬೇಕು. ಜಾಗ ಸಾಲದಿದ್ದರೆ -1 ಕೊಟ್ಟು, ಎಷ್ಟು ಬೇಕು ಅನ್ನೋದನ್ನು ಅದೇ ಪಾಯಿಂಟರ್‌ನಲ್ಲಿ ಬರೆಯುತ್ತೆ. ಲಿನಕ್ಸ್‌ನಲ್ಲಿ ಒಂದು ಪ್ರಾಸೆಸ್‌ಗೆ ಇರಬಹುದಾದ ಗ್ರೂಪ್‌ಗಳ ಮಿತಿ 65536, ಹಳೆಯ ಕರ್ನಲ್‌ಗಳಲ್ಲಿ 32 ಇತ್ತು. ನಾನು 16ರಿಂದ ಶುರು ಮಾಡಿ, ಸಾಲದಿದ್ದರೆ ಹಿಗ್ಗಿಸುವ ಲೂಪ್ ಬರೆದೆ. ಬೇಕಾದ ಸಂಖ್ಯೆ ಬರದೆ ಹೋದರೆ ಸುಮ್ನೆ ಎರಡು ಪಟ್ಟು ಮಾಡು ಅಂತಲೂ ಸೇರಿಸಿದೆ. ಎಲ್ಲ ಸಿಸ್ಟಮ್‌ಗಳೂ ಆ ಸಂಖ್ಯೆಯನ್ನು ನೆಟ್ಟಗೆ ಕೊಡುತ್ತವೆ ಅಂತ ನಂಬುವಂತಿಲ್ಲ. ಮ್ಯಾಕ್‌ನಲ್ಲಂತೂ ಅರೇಯ ಟೈಪೇ ಬೇರೆ, ಜಿಐಡಿ ಬದಲು ಇಂಟ್.

ಓಡಿಸಿದೆ. ವಾಪಸ್ ಬಂದ ಸಂಖ್ಯೆ 23, ಆದರೆ ಪಟ್ಟಿ ಖಾಲಿ! ಒಂದು ಗಂಟೆ ತಲೆ ಕೆರೆದುಕೊಂಡೆ. ವೆಕ್ (ರಸ್ಟ್‌ನ ಹಿಗ್ಗುವ ಪಟ್ಟಿ) ಅನ್ನು, ಮೊದಲೇ ಜಾಗ ಕಾಯ್ದಿರಿಸುವ ವಿತ್ ಕೆಪಾಸಿಟಿಯಿಂದ ಮಾಡಿದ್ದೆ. ಜಾಗ ಇದೆ, ಉದ್ದ ಮಾತ್ರ 0. ಸಿ ಫಂಕ್ಷನ್ ಅದರೊಳಗೆ ತುಂಬಿದ್ದು ರಸ್ಟ್‌ಗೆ ಗೊತ್ತೇ ಇಲ್ಲ. ಉದ್ದ ಇಷ್ಟು ಅಂತ ತಿಳಿಸುವ ಸೆಟ್ ಲೆನ್ ಕರೆದ ಮೇಲೆ 23 ಗ್ರೂಪೂ ಬಂದವು. ಇದನ್ನೆಲ್ಲ ಮಾಡಿಕೊಟ್ಟಿರುವ ನಿಕ್ಸ್ ಎಂಬ ಕ್ರೇಟ್ (ರಸ್ಟ್ ಲೈಬ್ರರಿ) ಇದೆ, ಲಿನಕ್ಸ್‌ಗೆ ಮಾತ್ರವಾದರೆ ಅದನ್ನೇ ಬಳಸಿ. ನಾನು ಹಟಕ್ಕೆ ಕೈಯಲ್ಲಿ ಬರೆದೆ.

ಇಷ್ಟಾದ ಮೇಲೆ ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿಯ ಟಾರ್ಗೆಟ್‌ನಲ್ಲಿ, ಅದನ್ನೂ ಬೈನರಿಯೊಳಗೇ ಸೇರಿಸಿ, ಸ್ಟ್ಯಾಟಿಕ್ ಬಿಲ್ಡ್ ಮಾಡಿದೆ. ಒಂದೇ ಬೈನರಿ, ಎಲ್ಲಿ ಬೇಕಾದರೂ ಓಡುತ್ತೆ ಅನ್ನೋ ಆಸೆ. ಎಲ್‌ಡ್ಯಾಪ್ ಯೂಸರ್‌ಗಳು ಮತ್ತೆ ಮಾಯ! ಮಸಲ್ ಆ ಎನ್‌ಎಸ್‌ಸ್ವಿಚ್ ಕಾನ್ಫಿಗ್ ಕಡೆ ನೋಡುವುದೇ ಇಲ್ಲ. ಫೈಲ್ ಓದುತ್ತೆ, ಎನ್‌ಎಸ್‌ಸಿಡಿ ಎಂಬ ಕ್ಯಾಶ್ ಡೀಮನ್ ಇದ್ದರೆ ಅದನ್ನು ಕೇಳುತ್ತೆ, ಅಷ್ಟೇ. ಗೋ ಭಾಷೆಯಲ್ಲಿ ಸಿ ಕೋಡ್ ಕರೆಯಲು ಇರುವ 'ಸಿಗೋ' ಸೌಲಭ್ಯ ಆಫ್ ಮಾಡಿದರೂ ಇದೇ ಪಾಡು. ಹೆಚ್ಚಿನ ಲಿನಕ್ಸ್‌ಗಳ ಮಾಮೂಲಿ ಸಿ ಲೈಬ್ರರಿಯಾದ ಜಿಲಿಬ್‌ಸಿ ಟಾರ್ಗೆಟ್‌ಗೆ ಹಿಂತಿರುಗಿದೆ.

ಕೊನೆಯ ದೂರು ಹೊಸಬರೊಬ್ಬರದು. ಅವರನ್ನು ಆಗಷ್ಟೇ ಗ್ರೂಪ್‌ಗೆ ಸೇರಿಸಿದ್ದರು. ಡೀಮನ್ ಹೌದು ಅಂತು. ಅವರದೇ ಟರ್ಮಿನಲ್‌ನಲ್ಲಿ ರಿಲೀಸ್ ಫೋಲ್ಡರ್ ತೆರೆದರೆ ಪರ್ಮಿಷನ್ ಡಿನೈಡ್. ಇಲ್ಲಿ ತಪ್ಪು ನನ್ನ ಕೋಡಿನದಲ್ಲ. ಯೂಸರ್-ಗ್ರೂಪ್ ಡೇಟಾಬೇಸ್ ಹೇಳುವುದು ಒಂದು, ಓಡುತ್ತಿರುವ ಪ್ರಾಸೆಸ್ ಕೈಯಲ್ಲಿರುವುದು ಇನ್ನೊಂದು. ಲಾಗಿನ್ ಆದಾಗ ಸಿಕ್ಕ ಗ್ರೂಪ್‌ಗಳನ್ನೇ ಅವರ ಶೆಲ್ ಇನ್ನೂ ಇಟ್ಟುಕೊಂಡಿತ್ತು. ಬರೀ 'ಐಡಿ' ಹೊಡೆದರೆ ಪ್ರಾಸೆಸ್‌ನ ಗ್ರೂಪ್, 'ಐಡಿ' ಜೊತೆ ಹೆಸರು ಹಾಕಿದರೆ ಡೇಟಾಬೇಸ್‌ನ ಗ್ರೂಪ್.

ಡೀಮನ್‌ಗೆ ಸಂಪರ್ಕಿಸುವ ಸಾಕೆಟ್‌ನ ಆಚೆ ಇರುವ ಪ್ರಾಸೆಸ್ಸಿನ ಗ್ರೂಪ್‌ಗಳನ್ನೇ ಕೇಳುವ ದಾರಿಯೂ ಲಿನಕ್ಸ್ 4.13ರಿಂದ ಇದೆ, ಎಸ್‌ಒ ಪಿಯರ್‌ಗ್ರೂಪ್ಸ್ ಅಂತ. ಯೋಚಿಸಿ ಅದನ್ನು ಬಿಟ್ಟೆ. ಯಾರನ್ನಾದರೂ ಗ್ರೂಪ್‌ನಿಂದ ತೆಗೆದರೆ, ಅವರ ಹಳೆಯ ಶೆಲ್ ತೆರೆದೇ ಇದ್ದರೂ ರಿಲೀಸ್ ಬಟನ್ ಕೆಲಸ ಮಾಡಬಾರದು. ಹಾಗಾಗಿ ಡೇಟಾಬೇಸನ್ನೇ ಕೇಳುವುದು ಅಂತ ಇಟ್ಟುಕೊಂಡೆ. ಡೀಮನ್‌ನ ಉತ್ತರಕ್ಕೆ ಒಂದು ಸಾಲು ಮಾತ್ರ ಸೇರಿಸಿದೆ: "ಫೋಲ್ಡರ್ ತೆರೆಯದಿದ್ದರೆ ಲಾಗೌಟ್ ಆಗಿ ಮತ್ತೆ ಬನ್ನಿ." ಅರ್ಧ ದಿನ ಅಂದಿದ್ದು 4 ದಿನ ಆಗಿತ್ತು.